ಮಣ್ಣಿನೊಳಗಿನ ದಾಸೋಹ

ಸದ್ಭಕ್ತರೇ, ದುಡಿದುದರಲ್ಲಿ ಒಂದು ಪಾಲು ಪರರಿಗೆ ಸಲ್ಲಬೇಕೆಂಬುದು ಶರಣಧರ್ಮ. ಈ ಧರ್ಮವು ಮನುಷ್ಯರಿಗೆ ಮಾತ್ರ ಮೀಸಲಾದುದಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಎರೆಹೊಲಗಳಲ್ಲಿ, ನಮ್ಮ ಪಾದದಡಿಯಲ್ಲಿಯೇ, ಅದು ಮೌನವಾಗಿ ನಡೆದಿದೆ.

ಬಿಳಿಜೋಳ, ತೊಗರಿ, ದ್ರಾಕ್ಷಿಗಳ ಬೇರಿನಲ್ಲಿ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರವು ವಾಸಿಸುತ್ತದೆ. ಬೆಳೆಯು ಬಿಸಿಲಿನಲ್ಲಿ ಸಿದ್ಧಗೊಳಿಸಿದ ಸಕ್ಕರೆಯಲ್ಲಿ ಅದಕ್ಕೊಂದು ಪಾಲು ಕೊಡುತ್ತದೆ. ಅದು ಕೂದಲಿಗಿಂತ ತೆಳುವಾದ ಎಳೆಗಳನ್ನು ಚಾಚಿ, ಬೇರು ಮುಟ್ಟಲಾರದ ಎಡೆಯಿಂದ ರಂಜಕವನ್ನು ತಂದೊಪ್ಪಿಸುತ್ತದೆ. ಆ ಎಳೆಗಳು ಮಣ್ಣಿನ ಕಣಗಳನ್ನು ಹೆಣೆಯುತ್ತವೆ. ಅವುಗಳಿಂದ ಬಂದ ಅಂಟಾದ ಸಸಾರಜನಕವು ಕಣಗಳನ್ನು ಹರಳುಗಟ್ಟಿಸಲು ನೆರವಾಗುತ್ತದೆ. 1996ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಸಾರಾ ರೈಟ್ ಅವರು ಬೆಳಕಿಗೆ ತಂದ ಈ ಅಂಟಿಗೆ ಗ್ಲೋಮಾಲಿನ್ ಎಂದು ಹೆಸರು. ಮಣ್ಣಿನಿಂದ ಬೇರ್ಪಡಿಸಿದ ಅಂಟಿನಲ್ಲಿ ಅನ್ಯ ಜೀವಿಗಳ ಸಸಾರಜನಕವೂ ಬೆರೆತಿರುತ್ತದೆಂದು ಅನಂತರದ ಶೋಧಗಳು ತಿಳಿಸಿವೆ. ಹಲವರ ಸೇವೆ ಕೂಡಿದುದೇ ದಾಸೋಹವಷ್ಟೆ!

ಹರಳುಗಟ್ಟಿದ ಮಣ್ಣಿನಲ್ಲಿ ನೀರು ಇಂಗುತ್ತದೆ, ಗಾಳಿ ಆಡುತ್ತದೆ. ಹರಳು ಒಡೆದ ಮಣ್ಣು ಮಳೆಗೆ ರಾಡಿಯಾಗಿ ಡೋಣಿಯ ಪಾಲಾಗುತ್ತದೆ.

ಹಿಂಗಾರಿ ಜೋಳಕ್ಕೆ ಹಸಿ ಉಳಿಯಲೆಂದು ನಾವು ಮುಂಗಾರಿನಲ್ಲಿ ಹೊಲವನ್ನು ಬರಿದಾಗಿರಿಸಿ ಮೇಲಿಂದ ಮೇಲೆ ಹರಗುತ್ತೇವೆ. ಆಗ ಎಳೆಗಳು ಹರಿಯುತ್ತವೆ. ಜೀವಂತ ಬೇರಿಲ್ಲದೆ ಶಿಲೀಂಧ್ರಕ್ಕೆ ಅನ್ನವೂ ಇಲ್ಲ. ಇನ್ನು ಡಿ.ಎ.ಪಿ. ಗೊಬ್ಬರವನ್ನು ಅಳತೆ ಮೀರಿ ಸುರಿದರೆ, ರಂಜಕ ಸುಲಭವಾಗಿ ದೊರೆತ ಬೆಳೆಯು ತನ್ನ ಸೇವಕನಿಗೆ ಕೊಡುವ ಪಾಲನ್ನೇ ಕಡಿಮೆ ಮಾಡುತ್ತದೆ. ಗಂಡನು ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮ ತಾಯಿಯ ವಿವೇಕವು ಇಲ್ಲಿಯೂ ಸಲ್ಲುತ್ತದೆ.

"ಮಳೆಯೇ ಕಡಿಮೆಯಾದ ನಾಡಿನಲ್ಲಿ ಮುಂಗಾರಿಗೂ ಬಿತ್ತಿದರೆ ಹಿಂಗಾರಿಗೆ ಹಸಿ ಎಲ್ಲಿಂದ?" ಎಂದು ಒಕ್ಕಲಿಗನು ಕೇಳುವುದು ನ್ಯಾಯವೇ. ಆದುದರಿಂದ ಮಳೆ ಚೆನ್ನಾದ ವರ್ಷ, ಬೇಗ ಕೊಯ್ಲಿಗೆ ಬರುವ ಹೆಸರನ್ನು ಮೊದಲು ಬಿತ್ತಿ ಅನಂತರ ಜೋಳ ಬಿತ್ತಬಹುದು. ಮಳೆ ಕೈಕೊಟ್ಟ ವರ್ಷ ಬದುವಿನ ಹುಲ್ಲನ್ನಾದರೂ ಉಳಿಸಬಹುದು. ಅಗತ್ಯವಿದ್ದಷ್ಟೇ ಹರಗಿ, ತಿಪ್ಪೆಗೊಬ್ಬರ ಹಾಕಿ, ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ಕೊಡಬೇಕು.

ಹೊಲದ ನಡುವಿನದೊಂದು, ಹುಲ್ಲಿನ ಬದುವಿನದೊಂದು, ಹೀಗೆ ಒಣಗಿದ ಎರಡು ಸಣ್ಣ ಹೆಂಟೆಗಳನ್ನು ಎರಡು ಗಾಜಿನ ಲೋಟದ ನೀರಿನಲ್ಲಿ ಮೆಲ್ಲನೆ ಇಳಿಬಿಟ್ಟು ನೋಡಿರಿ. ಯಾವುದು ಬೇಗ ಕರಗುವುದೋ ಅಲ್ಲಿ ಮಣ್ಣಿನ ದಾಸೋಹ ಕುಂದಿದೆಯೆಂದು ತಿಳಿಯಿರಿ. ಭೂಮಿಯಿಂದ ಪಡೆಯುವುದು ನಮ್ಮ ಕಾಯಕ. ಭೂಮಿಯೊಳಗಿನ ಜೀವಕ್ಕೆ ಅದರ ಪಾಲು ಬಿಡುವುದೂ ಆ ಕಾಯಕದ ಅಂಗವೇ.