ಹೊಸ್ತಿಲಾಚೆಯ ಅಂಜಿಕೆ

ಮಾನವನು ಅಂಜುವ ವಸ್ತುಗಳು ಅನೇಕ. ಹಾವಿಗೆ ಅಂಜುವವನನ್ನು, ಕಳ್ಳನಿಗೆ ಅಂಜುವವನನ್ನು, ಸಾಲಗಾರನ ದನಿಗೆ ಅಂಜುವವನನ್ನು ಲೋಕವು ಅರ್ಥಮಾಡಿಕೊಳ್ಳುತ್ತದೆ. ಆದರೆ ಅನ್ನಕ್ಕೆ ಅಂಜುವೆನೆಂದು ಒಬ್ಬನು ಹೇಳಿದರೆ ಕೇಳಿದವರು ನಗುವರು. ಅನ್ನವು ಪ್ರಾಣವನ್ನು ಕಾಯುವ ವಸ್ತುವಲ್ಲವೆ? ಅದಕ್ಕೆ ಅಂಜುವುದೆಂತು? ಈ ನಗೆಯೇ ಅಂಜುವವರ ಕಷ್ಟವನ್ನು ಇಮ್ಮಡಿಗೊಳಿಸುತ್ತದೆಂಬುದನ್ನು ನಗುವವರು ಅರಿಯರು.

ಸೀಲಿಯಾಕ್ ಎಂಬುದೊಂದು ವ್ಯಾಧಿಯುಂಟು. ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕವಿರುತ್ತದೆ. ಈ ವ್ಯಾಧಿಯುಳ್ಳವರು ಅದನ್ನು ಉಂಡರೆ ಶರೀರದ ರಕ್ಷಣಾಶಕ್ತಿಯೇ ತಪ್ಪುದಾರಿ ಹಿಡಿದು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಉಂಡದ್ದು ಮೈಗೆ ಹತ್ತದೆ ದೇಹವು ಕೃಶವಾಗುತ್ತದೆ. ಹಾಲೆಂಡಿನ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಸಂದೇಹವಿತ್ತು. 1944-45ರ ಚಳಿಗಾಲದ ಕ್ಷಾಮದಲ್ಲಿ ಆ ನಾಡಿಗೆ ಗೋಧಿಯ ಬ್ರೆಡ್ಡು ದೊರೆಯದಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡು, ಬ್ರೆಡ್ಡು ಮರಳಿ ಬಂದಾಗ ಮತ್ತೆ ನವೆದರು. ಊರೆಲ್ಲ ಹಸಿದಿದ್ದಾಗ ಕೆಲವು ಮಕ್ಕಳು ಗುಣಮುಖರಾದರೆಂಬುದು ಎಂಥ ವಿಚಿತ್ರ! ಇಂದಿಗೂ ಇದಕ್ಕೆ ಆ ಧಾನ್ಯಗಳನ್ನು ಜೀವನಪರ್ಯಂತ ತ್ಯಜಿಸುವುದೇ ಚಿಕಿತ್ಸೆ.

ಉತ್ತರ ಕರ್ನಾಟಕದ ಒಬ್ಬ ಗೃಹಿಣಿಗೆ ಈ ವ್ಯಾಧಿ ಇದೆಯೆಂದು ಭಾವಿಸಿರಿ. ಮನೆಯಲ್ಲಿ ಆಕೆಗೆ ಕೊರತೆಯಿಲ್ಲ. ಜೋಳ, ಸಜ್ಜೆ, ನವಣೆ, ಅಕ್ಕಿ, ಬೇಳೆಕಾಳುಗಳಲ್ಲಿ ಗ್ಲುಟೆನ್ ಇಲ್ಲ. ಆರು ತಿಂಗಳಲ್ಲಿ ಮೈತುಂಬಿಕೊಂಡು ಮುಖದಲ್ಲಿ ಕಳೆ ಬಂದಿದೆ. ತೊಂದರೆ ಆರಂಭವಾಗುವುದು ಹೊಸ್ತಿಲಿನಿಂದಾಚೆಗೆ. ಹೋಳಿಗೆ, ಹುಗ್ಗಿ, ಚಪಾತಿ, ಶಾವಿಗೆ, ರವೆಯ ಉಪ್ಪಿಟ್ಟು ಕಣ್ಣಿಗೆ ಕಾಣುವ ಗೋಧಿ; ಅವನ್ನು ಬಿಡುವುದು ಸುಲಭ. ಕಾಣದ ಗೋಧಿಯ ಗತಿಯೇನು? ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟನ್ನು ಬೆರೆಸಿರುತ್ತಾರೆ, ಆದ್ದರಿಂದ ಒಗ್ಗರಣೆಯ ಸಾರನ್ನೂ ಶಂಕಿಸಬೇಕು. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೆ ಜೋಳ ಬೀಸಿದರೆ ಜೋಳದ ಹಿಟ್ಟೂ ಶುದ್ಧವಲ್ಲ. ಚಪಾತಿ ಬೇಯಿಸಿದ ಹೆಂಚು, ಪೂರಿ ಕರಿದ ಎಣ್ಣೆ, ಎಲ್ಲವೂ ಸಂದೇಹಾಸ್ಪದ. ಹೀಗಾಗಿ ಆಕೆ ಮೊದಲು ಮದುವೆಗಳನ್ನು ಬಿಟ್ಟಳು. ಬಳಿಕ ಜಾತ್ರೆಯನ್ನು ಬಿಟ್ಟಳು. ಕಡೆಗೆ ಮಗಳ ಮನೆಗೆ ಹೋಗುವುದನ್ನೂ ಬಿಟ್ಟಳು. ಕರುಳು ಗುಣವಾಯಿತು, ಬಳಗ ದೂರವಾಯಿತು.

ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಯೊಂದಿದೆ. ಆಕೆಯನ್ನು ಮನೆಯಲ್ಲಿ ಕಟ್ಟಿಹಾಕಿದ್ದು ಎಚ್ಚರವೋ ಅಂಜಿಕೆಯೋ? ಎರಡೂ ಒಂದೇ ಉಡುಪು ತೊಟ್ಟು ಬರುವುದರಿಂದ ಗುರುತಿಸುವುದು ಕಠಿಣ. ಆದರೂ ಎಚ್ಚರಕ್ಕೆ ಅಳತೆಯುಂಟು. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್‌ರಹಿತವೆಂದು ಕರೆಯಬಹುದೆಂದು ಅಂತರರಾಷ್ಟ್ರೀಯ ಆಹಾರ ನಿಯಮವು ಗೊತ್ತುಪಡಿಸಿದೆ. ನಮ್ಮ ದೇಶದ ನಿಯಮವೂ ಅದೇ. ಎಚ್ಚರವುಳ್ಳವನು ಇದೇನು, ಎಲ್ಲಿ ಬೀಸಿದ್ದು, ಯಾವ ಹೆಂಚಿನದು ಎಂದು ಕೇಳಿ ತಿಳಿದು, ಉಣ್ಣುವುದನ್ನು ಉಂಡು, ಬಿಡುವುದನ್ನು ಬಿಡುತ್ತಾನೆ. ಅಂಜಿಕೆಯು ಕೇಳುವುದೇ ಇಲ್ಲ; ಕೇಳುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತದೆ.

ಇನ್ನೂ ಆಳಕ್ಕೆ ಇಳಿದು ನೋಡಿದರೆ ಆ ಗೃಹಿಣಿಯ ಭಯವೆಲ್ಲವೂ ಕರುಳಿನದಲ್ಲ. ‘ಜನ ಏನೆಂದಾರು? ಈಕೆಗೆ ಸೊಕ್ಕು ಬಂದಿದೆ ಎಂದಾರು. ಬೀಗರು ಮುನಿದಾರು’ ಎಂಬ ಸಂಕೋಚವೇ ಅದರ ಅರ್ಧಭಾಗ. ಸಂಕೋಚದ ಒಳಗೆ ಅಭಿಮಾನವು ಅಡಗಿದೆ. ಪರರಿಗೆ ಭಾರವಾಗೆನೆಂಬ ಮಾತು ವಿನಯದಂತೆ ಕೇಳಿಸಿದರೂ, ಪರರಿಂದ ಏನನ್ನೂ ಬೇಡೆನೆಂಬ ಬಿಗುಮಾನವೂ ಅದರಲ್ಲಿ ಇಲ್ಲದಿಲ್ಲ. ಇದು ಕಟುವಾಗಿ ತೋರಬಹುದು. ಆದರೆ ಈ ಅರ್ಧವನ್ನು ಕಂಡುಕೊಂಡವರಿಗೆ ಉಳಿದರ್ಧವು ಹಗುರವಾಗುತ್ತದೆ.

ಭಕ್ತರನ್ನು ಹೆಚ್ಚು ಕಾಡುವುದು ಪ್ರಸಾದದ ವಿಷಯ. ಮಠದ ಪಂಕ್ತಿಯಲ್ಲಿ ಗೋಧಿ ಹುಗ್ಗಿಯನ್ನು ಬೇಡವೆಂದರೆ ಪ್ರಸಾದವನ್ನು ನಿರಾಕರಿಸಿದ ದೋಷ ಬಾರದೆ? ಪ್ರಸಾದವೆಂದ ಮೇಲೆ ಅದು ರೋಗವನ್ನು ತಂದೀತೆ ಎಂದು ಕೇಳುವ ಹಿರಿಯರೂ ಇದ್ದಾರೆ. ಅವರ ಶ್ರದ್ಧೆ ದೊಡ್ಡದು. ಆದರೆ ಭಕ್ತಿಯಿದ್ದ ಮಾತ್ರಕ್ಕೆ ಕರುಳಿನ ಒಳಪದರವು ಗೋಧಿಯನ್ನು ಸಹಿಸಿಕೊಳ್ಳುವುದಿಲ್ಲ. ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆಂಬುದು ಶರಣರ ನಿಲುವು. ಅರ್ಪಿಸುವವನ ಅಂಗವೂ ಲಿಂಗದ ನೆಲೆಯೇ ಅಲ್ಲವೆ? ತಿಳಿದೂ ತಿಳಿದೂ ಆ ನೆಲೆಯನ್ನು ಕೆಡಿಸುವ ಪದಾರ್ಥವನ್ನು ಹೇಗೆ ಅರ್ಪಿಸುವುದು? ದೋಷವಿರುವುದು ಎಡೆಗೆ ಬಡಿಸಿಕೊಂಡು ಬಿಟ್ಟೇಳುವುದರಲ್ಲಿ. ಬಡಿಸುವ ಮೊದಲೇ ಕೈಮುಗಿದು ಬೇಡವೆಂದರೆ ಅನ್ನಕ್ಕೂ ಅವಮಾನವಿಲ್ಲ, ಬಡಿಸುವವರಿಗೂ ಇಲ್ಲ. ಬಾಳೆಯ ಹಣ್ಣು, ಕಲ್ಲುಸಕ್ಕರೆಯ ಚೂರು ಯಾವ ಮಠದಲ್ಲಿ ದೊರೆಯದು?

ಬಡಿಸುವವರಿಗೂ ಒಂದು ಮಾತು ಸಲ್ಲಬೇಕು. ‘ಒಂದು ತುತ್ತಿಗೆ ಏನಾದೀತು?’ ಎಂದು ಒತ್ತಾಯಿಸುವುದು ನಮ್ಮ ನಾಡಿನ ಪ್ರೀತಿಯ ಪದ್ಧತಿ. ಈ ರೋಗದವರಿಗೆ ಆ ಒಂದು ತುತ್ತೇ ಸಾಕು. ದಾಸೋಹವೆಂದರೆ ಬಂದವರ ಮುಂದೆ ದಾಸನಾಗಿ ನಿಲ್ಲುವುದು. ದಾಸನು ಒಡೆಯನ ಹಸಿವನ್ನು ಕೇಳಿ ತಿಳಿಯಬೇಕೇ ಹೊರತು ತನ್ನ ಅಡಿಗೆಯನ್ನು ಹೇರಬಾರದು.

ಆ ಗೃಹಿಣಿ ಹೊರಗೆ ಬಂದದ್ದು ಒಂದೇ ದಿನದಲ್ಲಲ್ಲ. ಹಿಂದಿನವರು ಬುತ್ತಿಯಿಲ್ಲದೆ ಊರು ಬಿಡುತ್ತಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ದಿನಗಟ್ಟಲೆ ನಡೆಯುತ್ತಿತ್ತು. ಹೋಟೆಲುಗಳು ಬಂದಮೇಲೆ ಬುತ್ತಿ ನಾಚಿಕೆಯ ವಸ್ತುವಾಯಿತಷ್ಟೆ. ಆಕೆ ಜೋಳವನ್ನು ಮನೆಯಲ್ಲೇ ಬೀಸಿಕೊಂಡು, ರೊಟ್ಟಿ ತಟ್ಟಿ, ಹಳೆಯ ಬುತ್ತಿಯ ಅರಿವೆಯಲ್ಲಿ ಕಟ್ಟಿದಳು. ಮೊದಲು ಮಗಳ ಮನೆಗೆ ಒಂದು ಹಗಲು. ಹೋಗುವ ಮುನ್ನ ವಿಷಯವನ್ನು ಬಿಚ್ಚಿ ಹೇಳಿದಳು. ಮಗಳು ತಾಯಿಗೆಂದು ಬೇರೆ ಹೆಂಚನ್ನು ತಂದಿಟ್ಟಳು. ಎರಡನೆಯ ಸಲ ಎರಡು ದಿನ. ಮೂರನೆಯ ಸಲ ನೆರೆಮನೆಯವರು ಕೊಟ್ಟ ಸಾರಿನಲ್ಲಿ ಇಂಗಿದ್ದು ಎರಡು ದಿನ ಹಾಸಿಗೆ ಹಿಡಿದಳು. ಅಂಜಿಕೆಯು ಮತ್ತೆ ಬಾಗಿಲಲ್ಲಿ ನಿಂತಿತು. ಆದರೆ ಕೆಟ್ಟದ್ದು ಯಾವುದರಿಂದ ಎಂಬುದು ಈ ಸಲ ಆಕೆಗೆ ತಿಳಿದಿತ್ತು. ನಾಲ್ಕನೆಯ ಸಲವೂ ಹೋದಳು, ಸಾರನ್ನು ಬಿಟ್ಟಳು.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನ ಭಕ್ತರು ಜೋಳದ ರೊಟ್ಟಿಯನ್ನು ಹೊತ್ತು ತರುತ್ತಾರೆ, ಮಾದಲಿಯನ್ನೂ ಬಡಿಸುತ್ತಾರೆ. ಎರಡು ವರ್ಷ ತಪ್ಪಿದ ಆ ಪಂಕ್ತಿಯಲ್ಲಿ ಆಕೆ ಕುಳಿತಿದ್ದಾಳೆಂದು ಭಾವಿಸಿರಿ. ಮಾದಲಿ ಬಂದಿತು, ಕೈಮುಗಿದಳು. ರೊಟ್ಟಿ ಬಂದಿತು, ಯಾವ ಗಿರಣಿಯದೋ ತಿಳಿಯದು, ಕಣ್ಣಿಗೊತ್ತಿಕೊಂಡು ಪಕ್ಕದವಳಿಗೆ ದಾಟಿಸಿದಳು. ಬರಿಯ ಅನ್ನವನ್ನು ಬಡಿಸಿಕೊಂಡು ತನ್ನ ಬುತ್ತಿಯನ್ನು ಬಿಚ್ಚಿದಳು.

‘ಯಾಕ್ರೀ ಅಕ್ಕಾರ, ಮಾದಲಿ ಬ್ಯಾಡೇನು?’ ಎಂದು ಪಕ್ಕದವಳು ಕೇಳಿದಳು.

‘ನನಗ ಗೋಧಿ ಆಗಿ ಬರಂಗಿಲ್ಲವ್ವಾ, ಡಾಕ್ಟರು ಬಿಡ್ಸ್ಯಾರ.’

‘ಹಂಗಾರ ಆ ನಿಮ್ಮ ಶೇಂಗಾ ಚಟ್ನಿ ಒಂಚೂರು ಈ ಕಡೆ ಹಾಕ್ರಿ’ ಎಂದು ಆಕೆ ತನ್ನ ತಟ್ಟೆಯನ್ನು ಸರಿಸಿದಳು.