ಆಯುಷ್ಯವೂ ಕರ್ತವ್ಯವೂ

೨೦೦೪ನೆಯ ಇಸವಿ ಡಿಸೆಂಬರ್ ೫ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲಿನ ಅಂತಿಮ ಪಂದ್ಯ ನಡೆಯಿತು. ಗೋವೆಯ ಡೆಂಪೊ ತಂಡಕ್ಕಾಗಿ ಆಡುತ್ತಿದ್ದ ಬ್ರೆಜಿಲ್ ದೇಶದ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಾಗಾನ್ ತಂಡದ ವಿರುದ್ಧ ಎರಡು ಗೋಲು ಹೊಡೆದನು. ಎರಡನೆಯದನ್ನು ಹೊಡೆಯುವಾಗ ಎದುರಾಳಿ ಗೋಲುರಕ್ಷಕನಿಗೆ ತಾಗಿ ಕುಸಿದವನು ಮತ್ತೆ ಏಳಲಿಲ್ಲ. ತಂಡ ಗೆದ್ದಿತು, ಗೆಲ್ಲಿಸಿದವನು ಉಳಿಯಲಿಲ್ಲ. ಅವನಿಗಾಗ ವಯಸ್ಸು ೨೫.

'ಆಯುಷ್ಯ ಅಷ್ಟೇ ಇತ್ತು' ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಮಾತು ಸುಳ್ಳಲ್ಲ. ಶ್ರೀಹರಿಯೊಬ್ಬನೇ ಸ್ವತಂತ್ರನು, ಹುಟ್ಟುಸಾವುಗಳು ಅವನ ಅಧೀನ. ಆದರೆ ಆ ಮಾತನ್ನು ಯಾವಾಗ ಆಡಬೇಕೆಂಬುದು ವಿಚಾರಣೀಯ. ಆ ಯುವಕನು ತನ್ನ ಪಾಲಿನ ಕೆಲಸವನ್ನು ಪೂರ್ತಿಯಾಗಿ ಮಾಡಿಯೇ ಬಿದ್ದನು. ಸುತ್ತಲಿದ್ದವರ ಪಾಲು? ಮೈದಾನದ ವೈದ್ಯಕೀಯ ಸಿದ್ಧತೆ ಸಾಲದೆಂಬ ಆಕ್ಷೇಪ ಅಂದು ಎದ್ದಿತು. ಹೃದಯ ಹಠಾತ್ತನೆ ನಿಂತಾಗ ಚಿಕಿತ್ಸೆ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ ಸುಮಾರು ೭ರಿಂದ ೧೦ರಷ್ಟು ಕುಗ್ಗುವುದೆಂದು ವೈದ್ಯರು ಹೇಳುತ್ತಾರೆ.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವನು ಪರಾಧೀನನಾದರೂ ಕರ್ತೃವೇ ಸರಿ. ಕರ್ತೃತ್ವವೇ ಇಲ್ಲವೆಂದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವು ವ್ಯರ್ಥವಾದೀತು. ಆದುದರಿಂದ ಫಲವನ್ನು ಹರಿಗೆ ಒಪ್ಪಿಸಬೇಕು. ನಮ್ಮ ಲೋಪವನ್ನು ಅವನ ಮೇಲೆ ಹೊರಿಸಬಾರದು.

ನಮ್ಮ ಹೊನವಾಡದ ಬಯಲಿನಲ್ಲಿಯೂ ಮಕ್ಕಳು ಆಡುತ್ತಾರೆ. ಬಿದ್ದವನ ಎದೆಯನ್ನು ಒತ್ತಿ ಉಸಿರು ಉಳಿಸುವ ಕ್ರಮವನ್ನು ಕಲಿತಿರುವುದು ಹಿರಿಯರ ಧರ್ಮ. ಮಾಡಬೇಕಾದುದನ್ನೆಲ್ಲ ಮಾಡಿದ ಬಳಿಕ ಆಡಿದ ಆಯುಷ್ಯದ ಮಾತು ಭಕ್ತಿ. ಅದಕ್ಕೆ ಮೊದಲೇ ಆಡಿದರೆ ಆಲಸ್ಯಕ್ಕೆ ಉಡಿಸಿದ ಮಡಿ.