ಮನೆ ಉಳಿದಿತ್ತು, ದಡ ಹೋಗಿತ್ತು

ಜ್ವಾಲಾಮುಖಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸುಟ್ಟು ಕರಕಲಾದ ಮನೆಗಳು. ಟ್ರಿಸ್ಟನ್ ಡ ಕುನ್ಹಾ ದ್ವೀಪದಲ್ಲಿ ಹಾಗಾಗಲಿಲ್ಲ. 1961ರ ಅಕ್ಟೋಬರಿನಲ್ಲಿ ಊರಂಚಿನ ನೆಲ ಉಬ್ಬಿ, ಬಿರಿದು, ಒಡಲ ಬೆಂಕಿ ಹೊರಬಿದ್ದಾಗ ಅಲ್ಲಿನ ಕಲ್ಲುಮನೆಗಳಲ್ಲಿ ಬಹುಪಾಲು ಇದ್ದ ಹಾಗೇ ಇದ್ದವು. ಲಾವಾ ಹರಿದದ್ದು ಕಡಲ ಕಡೆಗೆ. ಹೋಗುವ ದಾರಿಯಲ್ಲಿ ಲಾಬ್‌ಸ್ಟರ್ ಕಾರ್ಖಾನೆಯನ್ನು ನುಂಗಿತು, ದೋಣಿ ಇಳಿಸುತ್ತಿದ್ದ ದಡವನ್ನು ಮುಚ್ಚಿತು. ಮನೆ ಉಳಿದು ದಡ ಹೋದರೆ ಊರು ಉಳಿದಂತೆಯೋ, ಹೋದಂತೆಯೋ?

ಆ ದ್ವೀಪ ಇರುವ ಜಾಗ ತಿಳಿದರೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ. ದಕ್ಷಿಣ ಅಟ್ಲಾಂಟಿಕ್‌ನ ನಡುವೆ, ಜನವಸತಿಯಿರುವ ಅತಿ ಹತ್ತಿರದ ನೆರೆಯಾದ ಸೇಂಟ್ ಹೆಲೆನಾದಿಂದ ಸುಮಾರು 2,400 ಕಿಲೋಮೀಟರ್ ದೂರದಲ್ಲಿ, ಕಡಲಿನಿಂದ ಎದ್ದ 2,062 ಮೀಟರ್ ಎತ್ತರದ ಒಂದು ಬೆಟ್ಟ. ಬೆಟ್ಟವೇ ದ್ವೀಪ, ದ್ವೀಪವೇ ಜ್ವಾಲಾಮುಖಿ. ಅದರ ಬುಡದಲ್ಲಿ ಸೆರಗಿನಷ್ಟು ಸಮತಟ್ಟು, ಅದರ ಮೇಲೊಂದೇ ಊರು. 1816ರಲ್ಲಿ ಅಲ್ಲಿ ಬ್ರಿಟಿಷ್ ಕಾವಲು ಪಡೆ ಬೀಡುಬಿಟ್ಟಿತು. ಪಡೆ ಹಿಂತಿರುಗಿದಾಗ ವಿಲಿಯಂ ಗ್ಲಾಸ್ ಎಂಬ ಸಿಪಾಯಿ ಹೆಂಡತಿ ಮಕ್ಕಳೊಂದಿಗೆ ಉಳಿದುಕೊಂಡ. ಆಮೇಲೆ ಹಡಗು ಒಡೆದವರು, ಹಡಗು ಬಿಟ್ಟವರು, ಸೇಂಟ್ ಹೆಲೆನಾದಿಂದ ಬಂದ ಹೆಂಗಸರು ಸೇರಿ ಊರಾಯಿತು. ಇಂದಿಗೂ ಬೆರಳೆಣಿಕೆಯ ಮನೆತನಗಳು. ನೆಲ ಯಾರೊಬ್ಬರ ಸ್ವತ್ತೂ ಅಲ್ಲ, ಊರಿನದು. ಮರದ ಚೌಕಟ್ಟಿಗೆ ಕ್ಯಾನ್‌ವಾಸ್ ಹೊದಿಸಿದ ಉದ್ದ ದೋಣಿಗಳಲ್ಲಿ ಹಲವರಿಗೆ ಪಾಲಿರುತ್ತಿತ್ತು. ಗೋಡೆಯ ಕಲ್ಲೂ ಆ ಬೆಟ್ಟ ಎಂದೋ ಉಗುಳಿದ್ದೇ. ಬೆಟ್ಟ ಸತ್ತಿದೆ ಎಂದುಕೊಂಡೇ ತಲೆಮಾರುಗಳು ಅಲ್ಲಿ ಆಲೂಗಡ್ಡೆ ಬೆಳೆದುಕೊಂಡು ಬಾಳಿದವು.

1961ರ ಆಗಸ್ಟಿನಿಂದಲೇ ನೆಲ ನಡುಗುತ್ತಿತ್ತು. ಅಕ್ಟೋಬರ್ 10ರ ಹೊತ್ತಿಗೆ ಇಡೀ ಊರು ದೋಣಿ ಹತ್ತಿತ್ತು: 264 ದ್ವೀಪವಾಸಿಗಳು. ಮೊದಲು ಪಕ್ಕದ ನೈಟಿಂಗೇಲ್ ದ್ವೀಪ, ಅಲ್ಲಿಂದ ಡಚ್ ಹಡಗಿನಲ್ಲಿ ಕೇಪ್‌ಟೌನ್, ಕೊನೆಗೆ ನವೆಂಬರಿನಲ್ಲಿ ಇಂಗ್ಲೆಂಡ್. ಸಾವಿಲ್ಲದೆ ಎಲ್ಲರೂ ಪಾರಾದರು. ಸುದ್ದಿಯ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಸೌತಾಂಪ್ಟನ್ ಹತ್ತಿರದ ಕಾಲ್‌ಶಾಟ್‌ನಲ್ಲಿ, ವಾಯುಪಡೆ ಬಿಟ್ಟುಹೋದ ವಸತಿಗಳಲ್ಲಿ ಅವರಿಗೆ ನೆಲೆ ಸಿಕ್ಕಿತು. ಗಂಡಸರಿಗೂ ಹೆಣ್ಣುಮಕ್ಕಳಿಗೂ ಕೆಲಸ ಸಿಕ್ಕಿತು, ಮಕ್ಕಳಿಗೆ ಶಾಲೆ ಸಿಕ್ಕಿತು. ವಿದ್ಯುತ್ತು, ಸಿನಿಮಾ, ಬಸ್ಸು, ವಾರದ ಸಂಬಳ. ಜೊತೆಗೆ ಆ ಚಳಿಗಾಲದ ಶೀತ, ಕೆಮ್ಮು, ನ್ಯುಮೋನಿಯಾ. ಕೆಲವು ಹಿರಿಯರು ಹೊಸ ನೆಲದಲ್ಲೇ ಮಣ್ಣಾದರು. ಪತ್ರಕರ್ತರೂ ಬಂದರು, ವೈದ್ಯರೂ ಬಂದರು. ಎಲ್ಲರಿಗೂ ಇವರು ಕಾಲದಲ್ಲಿ ಹಿಂದೆ ಉಳಿದ ಅಪರೂಪದ ಜನ. ಇಷ್ಟೆಲ್ಲ ಅನುಕೂಲ ಕಂಡವರು ಮತ್ತೆ ಆ ಬಂಡೆಗೇಕೆ ಹೋದಾರು ಎಂಬುದು ಹಲವರ ಲೆಕ್ಕ. ಲೆಕ್ಕ ಹಾಕಿದವರು ಒಳ್ಳೆಯ ಮನಸ್ಸಿನವರೇ. ಕೊಡುವವರಿಗೆ ತಮ್ಮ ಕೊಡುಗೆ ಸಾಲದೆ ಹೋಗಬಹುದೆಂದು ಸಾಮಾನ್ಯವಾಗಿ ತೋಚುವುದಿಲ್ಲ.

1962ರ ಕೊನೆಯಲ್ಲಿ ವಯಸ್ಕರ ಮತ ಕೇಳಲಾಯಿತು. ಹಿಂತಿರುಗಬೇಕೆಂದವರು 148, ಬೇಡವೆಂದವರು 5.

ಇದನ್ನು ತವರಿನ ಹಂಬಲ ಎಂದು ಕರೆದು ಮುಗಿಸುವುದು ಸುಲಭ. ನನಗೆ ಅಷ್ಟೇ ಅನ್ನಿಸುವುದಿಲ್ಲ. ಕಾಲ್‌ಶಾಟ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಸಿಕ್ಕ ಸವಲತ್ತು: ಇವನಿಗೊಂದು ಕೆಲಸ, ಅವಳಿಗೊಂದು ಕೂಲಿ. ಅವರು ಕಳೆದುಕೊಂಡದ್ದು ಹಾಗೆ ಬಿಡಿಬಿಡಿಯಾಗಿ ಇರಲಾರದ್ದು. ಕ್ಯಾನ್‌ವಾಸ್ ದೋಣಿಯನ್ನು ಒಬ್ಬನೇ ಅಲೆಗೆ ಇಳಿಸಲಾಗದು. ಬೇರೆಯವನ ಮನೆಗೆ ಸೂರು ಹೊದಿಸಲು ಹೋದವನಿಗೆ ತನ್ನ ಸೂರಿನ ದಿನ ಬಂದಾಗ ಆಳು ಹುಡುಕುವ ಚಿಂತೆಯಿಲ್ಲ. ಇಂಥದ್ದಕ್ಕೆ ಪರಿಹಾರಧನ ಕೊಡುವುದು ಹೇಗೆ, ಯಾರಿಗೆ? ನಿರಾಶ್ರಿತರ ಪಟ್ಟಿಯಲ್ಲಿ ಅದಕ್ಕೆ ಅಂಕಣವೇ ಇರುವುದಿಲ್ಲ.

ಮತಕ್ಕೂ ಮೊದಲೇ, 1962ರಲ್ಲಿ, ಹನ್ನೆರಡು ಮಂದಿ ದ್ವೀಪಕ್ಕೆ ಹೊರಟಿದ್ದರು. ಊರಲ್ಲಿ ಉಳಿದುಹೋಗಿದ್ದ ನಾಯಿಗಳು ಕಾಡುಬಿದ್ದು ಕುರಿಗಳನ್ನು ತಿಂದು ಮುಗಿಸಿದ್ದವು. ಲಾವಾ ಮಾಡದ ಹಾನಿಯನ್ನು ಮನೆ ಕಾದ ನಾಯಿ ಮಾಡಿತ್ತು! ಮಾಡು ಸರಿಪಡಿಸಿ, ಆಲೂಗಡ್ಡೆ ಊರಿ ಅವರು ಉಳಿದವರಿಗೆ ದಾರಿ ಮಾಡಿದರು. 1963ರಲ್ಲಿ ಎರಡು ಕಂತಿನಲ್ಲಿ ಊರು ಊರಿಗೆ ಬಂತು.

ಬಂದವರು ಹೋದವರೇ ಆಗಿರಲಿಲ್ಲ. ಇಂಗ್ಲೆಂಡಿನ ಎರಡು ವರ್ಷ ಎಳೆಯರ ಮೈಗೆ ಹತ್ತಿತ್ತು. 1966ರಲ್ಲಿ ಕೆಲವು ಕುಟುಂಬಗಳು ಮತ್ತೆ ಇಂಗ್ಲೆಂಡಿಗೆ ಹೊರಟವು, ಈ ಸಲ ಬೆಂಕಿಗೆ ಹೆದರಿಯಲ್ಲ. ಮರಳುವಿಕೆಯ ಕಥೆ ಹೇಳುವವರು ಈ ಪುಟವನ್ನು ಬೇಗ ತಿರುವಿಬಿಡುತ್ತಾರೆ. 148ರ ಸಂಖ್ಯೆಗಿರುವ ಹೊಳಪು ಇದಕ್ಕಿಲ್ಲ, ನಿಜ. ಆದರೆ ಹೋಗಲು ದಾರಿ ಗೊತ್ತಿದ್ದೂ ಉಳಿದವರ ಉಳಿಯುವಿಕೆ, ದಾರಿ ಗೊತ್ತಿಲ್ಲದೆ ಉಳಿದ ಅವರ ಅಜ್ಜಂದಿರ ಉಳಿಯುವಿಕೆಗಿಂತ ಬೇರೆ ಬಗೆಯದು. ಆಯ್ಕೆ ಮಾಡಿದ್ದನ್ನು ಆಗಾಗ ಮತ್ತೆ ಆಯ್ಕೆ ಮಾಡಬೇಕಾಗುತ್ತದೆ.

ಲಾವಾ ಮುಚ್ಚಿದ ದಡಕ್ಕೆ ಬದಲಾಗಿ 1967ರಲ್ಲಿ ಪುಟ್ಟ ಬಂದರು ಕಟ್ಟಿದರು, ಅದಕ್ಕೆ ಕಾಲ್‌ಶಾಟ್ ಎಂದು ಹೆಸರಿಟ್ಟರು. ತಾವು ತೊರೆದು ಬಂದ ಶಿಬಿರದ ಹೆಸರು! ಅದು ಕೃತಜ್ಞತೆಯೋ, ನಗೆಚಾಟಿಕೆಯೋ ಹೊರಗಿನವರಿಗೆ ಹೇಳುವುದು ಕಷ್ಟ. ಎರಡೂ ಇರಲಿ ಎಂದು ನನ್ನ ಆಸೆ. ಕಾರ್ಖಾನೆ ಮತ್ತೆ ಎದ್ದಿತು. ಲಾಬ್‌ಸ್ಟರ್ ಮತ್ತೆ ಊರಿಗೆ ಆದಾಯವಾಯಿತು.

2001ರಲ್ಲಿ ಬಿರುಗಾಳಿ ಮನೆಗಳ ಮಾಡು ಕಿತ್ತುಕೊಂಡು ಹೋಯಿತು. 2008ರಲ್ಲಿ ಆ ಹೊಸ ಕಾರ್ಖಾನೆಯೂ, ಊರಿಗೆ ಬೆಳಕು ಕೊಡುವ ಜನರೇಟರುಗಳೂ ಬೆಂಕಿಗೆ ಆಹುತಿಯಾದವು. ಅದೇ ವರ್ಷ ಅಲೆಗಳಿಗೆ ಸವೆದ ಬಂದರಿನ ದುರಸ್ತಿಗೆ ಬ್ರಿಟಿಷ್ ಸೇನೆಯ ಎಂಜಿನಿಯರುಗಳು ಬರಬೇಕಾಯಿತು. ಮರುವರ್ಷ ಮತ್ತೊಂದು ಕಾರ್ಖಾನೆ ತೆರೆಯಿತು. ಕಡಲು ಬಿಟ್ಟುಕೊಡುವ ದಿನಗಳು ವರ್ಷದಲ್ಲಿ ಅಷ್ಟಾಗಿಲ್ಲ. ಅಂಥ ದಿನ ಬೆಳಗಾದರೆ ಊರ ನಡುವೆ ಗಂಟೆ ಬಡಿಯುತ್ತದೆ, ಮೀನುಗಾರರು ಬಂದರಿಗೆ ಇಳಿಯುತ್ತಾರೆ.